ನ್ಯೂಕ್ಯಾಸಲ್ಲಿನ ಆಟಗಾರ್ತಿಯರು

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ, ಸಿಡ್ನಿ ಮಹಾನಗರದ ಉತ್ತರಕ್ಕೆ, ಹಂಟರ್ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ನ್ಯೂಕ್ಯಾಸಲ್ ಎಂಬ ರೇವುಪಟ್ಟಣವಿದೆ. ಕಲ್ಲಿದ್ದಲನ್ನು ಹಡಗಿಗೇರಿಸುವುದು ಅದರ ಕುಲಕಸುಬು. ೧೯೧೫ರಲ್ಲಿ ಅಲ್ಲಿ ಸ್ಥಾಪಿತವಾದ ಉಕ್ಕಿನ ಕಾರ್ಖಾನೆಯು ಎಂಬತ್ತನಾಲ್ಕು ವರ್ಷಗಳ ಕಾಲ ಊರಿಗೆ ಅನ್ನವನ್ನಿಕ್ಕಿ ೧೯೯೯ರಲ್ಲಿ ಬಾಗಿಲು ಹಾಕಿತು. ಇಂತಹ ದುಡಿಮೆಗಾರರ ಊರಿನ ಸ್ತ್ರೀಯರ ಆಟದ ತಂಡವೊಂದು ೨೦೨೨ನೆಯ ಒಂದೇ ಇಸವಿಯಲ್ಲಿ ಮೊದಲು ಆಡಿದ ಪಂದ್ಯಗಳನ್ನೆಲ್ಲ ಸೋತು ಕಟ್ಟಕಡೆಯ ಸ್ಥಾನಕ್ಕಿಳಿದು, ಏಳು ತಿಂಗಳು ತುಂಬುವುದರೊಳಗಾಗಿ ಪ್ರಥಮ ಸ್ಥಾನವನ್ನಲಂಕರಿಸಿತು. ಇಂತಹುದನ್ನು ಪವಾಡವೆಂದು ಕರೆದು ಮುಗಿಸಿಬಿಡುವುದು ಲೋಕದ ವಾಡಿಕೆ. ಪವಾಡವೆಂದೊಡನೆ ವಿಚಾರಣೆಯು ನಿಂತುಹೋಗುವುದು. ನಮಗಾದರೋ ಇದರಲ್ಲಿ ಪವಾಡವು ಕಾಣದು; ಕಾರಣವು ಕಾಣುವುದು. ಆ ಕಾರಣವು ಆಟದ ಬಯಲಿನಲ್ಲಿಲ್ಲ, ಕರಾರಿನ ಕಾಗದದಲ್ಲಿದೆ.

ಆಟದ ಹೆಸರು ರಗ್ಬಿ ಲೀಗ್. ವಾಚಕರಲ್ಲಿ ಬಹುಮಂದಿಗೆ ಇದರ ಪರಿಚಯವಿರಲಾರದಾದುದರಿಂದ ಎರಡು ಮಾತು ಅವಶ್ಯಕ. ಪಕ್ಷಕ್ಕೆ ಹದಿಮೂರು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಿ ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ನಾಲ್ಕು ಅಂಕ; ಅನಂತರ ಅದನ್ನು ಕಂಬಗಳ ನಡುವೆ ಒದ್ದು ಹಾರಿಸಿದರೆ ಇನ್ನೆರಡು. ಕೈಯಿಂದ ಮುಂದಕ್ಕೆಸೆಯುವಂತಿಲ್ಲ, ಹಿಂದಿದ್ದವರಿಗೆ ಮಾತ್ರ ಕೊಡಬಹುದು. ಚೆಂಡು ಹಿಡಿದವಳನ್ನು ಎದುರು ಪಕ್ಷದವರು ನಮ್ಮ ಕಬಡ್ಡಿಯಲ್ಲಿ ಹಿಡಿಯುವಂತೆ ಕಾಲು ಸೊಂಟಗಳನ್ನು ಹಿಡಿದು ಕೆಡವುವರು. ಹೀಗೆ ಆರು ಸಲ ಕೆಡವಿದರೆ ಚೆಂಡು ಕೈಬಿಡುವುದು. ಪುರುಷರು ೮೦ ನಿಮಿಷ ಆಡುವರು, ಸ್ತ್ರೀಯರು ೭೦. ಇದು ನಾಜೂಕಿನ ಆಟವಲ್ಲ. ಮೂಳೆ ಮುರಿಯುವುದೂ ಮಂಡಿಯ ನರ ಹರಿಯುವುದೂ ಇದರಲ್ಲಿ ಅಪರೂಪವಲ್ಲ.

ಈ ಆಟದ ಹುಟ್ಟನ್ನು ತಿಳಿದಲ್ಲದೆ ನಮ್ಮ ಮುಂದಿನ ಮಾತು ಅರ್ಥವಾಗದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರಗ್ಬಿಯು ಒಂದೇ ಆಗಿದ್ದಿತು. ಅದರ ಒಡೆತನವು ದಕ್ಷಿಣದ ಸಿರಿವಂತರ ಕೈಯಲ್ಲಿದ್ದಿತು. ಆಟಕ್ಕಾಗಿ ಕಾಸು ಮುಟ್ಟುವುದು ಅವರ ದೃಷ್ಟಿಯಲ್ಲಿ ಹೀನಾಯ. ಆದರೆ ಉತ್ತರದ ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ದುಡಿಯುತ್ತಿದ್ದ ಆಟಗಾರನು ಶನಿವಾರ ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿಯು ಖೋತಾ ಆಗುತ್ತಿದ್ದಿತು. ಕಳೆದುಕೊಂಡ ಕೂಲಿಯನ್ನಾದರೂ ತುಂಬಿಕೊಡಿರೆಂದು ಉತ್ತರದವರು ಕೇಳಿದರು. ದಕ್ಷಿಣದವರು ಒಪ್ಪಲಿಲ್ಲ. ೧೮೯೫ನೆಯ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟಲಿನಲ್ಲಿ ಸಭೆ ಸೇರಿದ ಉತ್ತರದ ಸಂಘಗಳು ಹಳೆಯ ಮಂಡಲಿಯನ್ನು ಬಿಟ್ಟು ತಮ್ಮದೇ ಮಂಡಲಿಯನ್ನು ಕಟ್ಟಿದುವು. ದಿನಕ್ಕೆ ಆರು ಷಿಲಿಂಗಿನವರೆಗೆ ಕೂಲಿನಷ್ಟವನ್ನು ಕೊಡಬಹುದೆಂದು ನಿಬಂಧನೆ ಮಾಡಿದುವು. ಹನ್ನೆರಡು ವರ್ಷಗಳ ಮೇಲೆ, ೧೯೦೭ರಲ್ಲಿ, ಸಿಡ್ನಿಯಲ್ಲಿಯೂ ಹೀಗೆಯೇ ಆಯಿತು. ಅಲೆಕ್ ಬರ್ಡನ್ ಎಂಬ ಆಟಗಾರನು ಗಾಯಗೊಂಡು ಕೆಲಸವಿಲ್ಲದೆ ಕುಳಿತಾಗ ಅಲ್ಲಿಯ ಮಂಡಲಿಯು ಪರಿಹಾರ ಕೊಡಲಿಲ್ಲವೆಂಬ ಅಸಮಾಧಾನವು ಹೊಸ ಮಂಡಲಿಯ ಉದಯಕ್ಕೆ ಕಾರಣವಾದುವುಗಳಲ್ಲೊಂದು. ೧೯೦೮ರ ಮೊದಲ ಋತುವಿನಲ್ಲಿಯೇ ನ್ಯೂಕ್ಯಾಸಲ್ಲಿನ ತಂಡವೊಂದು ಆಡಿತು. ಸಾರಾಂಶವೇನೆಂದರೆ, ರಗ್ಬಿ ಲೀಗ್ ಎಂಬುದು ಕೂಲಿಯ ಜಗಳದಲ್ಲಿ ಹುಟ್ಟಿದ ಆಟ. ಬೇರೆ ಆಟಗಳವರು ಹಣದ ಮಾತೆತ್ತಿದರೆ ನಾಚಬಹುದು. ಈ ಆಟದವರು ನಾಚಬೇಕಾದುದಿಲ್ಲ.

ಆದರೆ ತಾವು ಯಾವ ನ್ಯಾಯವನ್ನು ಕೇಳಿ ಪಡೆದರೋ ಅದೇ ನ್ಯಾಯವನ್ನು ತಮ್ಮ ಅಕ್ಕತಂಗಿಯರಿಗೆ ಕೊಡಲು ಇವರಿಗೆ ನೂರು ವರ್ಷಗಳು ಸಾಲದೆ ಹೋದುವು. ೧೯೨೧ರ ಸೆಪ್ಟೆಂಬರ್ ೧೭ರಂದು ಸಿಡ್ನಿಯ ಅಗ್ರಿಕಲ್ಚರಲ್ ಗ್ರೌಂಡಿನಲ್ಲಿ ಸ್ತ್ರೀಯರ ಎರಡು ತಂಡಗಳು ಬಹಿರಂಗವಾಗಿ ಆಡಿದುವು. ನೋಡಲು ನೆರೆದವರು ಸುಮಾರು ೨೦,೦೦೦ ಮಂದಿ. ಮ್ಯಾಗಿ ಮೊಲೋನಿ ಎಂಬ ಹುಡುಗಿ ನಾಲ್ಕು ಸಲ ಗೆರೆ ದಾಟಿದಳು. ಹೆಂಗಸರ ಆಟವನ್ನು ನೋಡುವವರಾರೆಂದು ಇಂದಿಗೂ ಕೇಳುವ ಮಹಾಶಯರು ಈ ಅಂಕೆಯನ್ನು ಮನದಟ್ಟು ಮಾಡಿಕೊಳ್ಳಬೇಕು. ನೋಡುವವರಿದ್ದರು, ಆಡಿಸುವವರಿರಲಿಲ್ಲ. ಆಟದ ಅಧಿಕಾರಿಗಳು ಬೆಂಬಲಕ್ಕೆ ಬಾರದೆ ಆ ಚಿಗುರು ಬಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಮಂಡಲಿಯೂ ತನ್ನ ಸಂಘಗಳ ಮೈದಾನಗಳಲ್ಲಿ ಸ್ತ್ರೀಯರು ಆಡಕೂಡದೆಂದು ನಿಷೇಧಿಸಿತು. ೧೯೨೧ ಈ ವಿಷಯದಲ್ಲಿ ಒಳ್ಳೆಯ ವರ್ಷವಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ಮಂಡಲಿಯು ಸ್ತ್ರೀಯರಿಗಾಗಿ ಸಂಭಾವನೆಯ ಪಂದ್ಯಾವಳಿಯನ್ನು ಏರ್ಪಡಿಸಿದುದು ೨೦೧೮ರಲ್ಲಿ. ತಂಡಗಳು ನಾಲ್ಕೇ. ಬ್ರಿಸ್ಬೇನ್ ನಗರದ ಬ್ರಾಂಕೋಸ್ ತಂಡವು ಮೊದಲ ಮೂರು ವರ್ಷಗಳೂ ಗೆದ್ದಿತು. ನ್ಯೂಕ್ಯಾಸಲ್ಲಿನ ನೈಟ್ಸ್ ತಂಡವು (ಇಲ್ಲಿ ನೈಟ್ಸ್ ಎಂದರೆ ಇರುಳುಗಳಲ್ಲ, ಪೂರ್ವಕಾಲದ ಯೂರೋಪಿನ ಕುದುರೆಯೇರಿದ ಕಲಿಗಳು) ಕಣಕ್ಕಿಳಿದುದು ೨೦೨೧ರ ಋತುವಿನಲ್ಲಿ. ಕೊರೋನಾ ಪಿಡುಗಿನ ದೆಸೆಯಿಂದ ಆ ಋತುವು ೨೦೨೨ರ ಆರಂಭಕ್ಕೆ ಮುಂದೂಡಲ್ಪಟ್ಟಿತ್ತು. ಮೊದಲ ಪಂದ್ಯದಲ್ಲಿ ಪರಮಾಟಾದ ಈಲ್ಸ್ ತಂಡದೆದುರು ೧೨ಕ್ಕೆ ೧೩ರಂತೆ ಒಂದೇ ಅಂಕದಿಂದ ಸೋಲು. ಮುಂದಿನ ನಾಲ್ಕರಲ್ಲಿಯೂ ಸೋಲು. ಐದಕ್ಕೆ ಐದು!

ಅದೇ ವರ್ಷದ ಆಗಸ್ಟಿನಲ್ಲಿ ಮುಂದಿನ ಋತುವು ಮೊದಲಾಯಿತು. ರೊನಾಲ್ಡ್ ಗ್ರಿಫಿತ್ಸ್ ಎಂಬವರು ಹೊಸ ತರಬೇತುದಾರರಾಗಿ ಬಂದಿದ್ದರು. ಬ್ರಿಸ್ಬೇನಿನಿಂದ ಮಿಲ್ಲಿ ಬಾಯ್ಲ್ ಮತ್ತು ತಮಿಕಾ ಅಪ್ಟನ್ ಬಂದಿದ್ದರು. ಹ್ಯಾನಾ ಸೌತ್‌ವೆಲ್ ಇದ್ದ ತಂಡಕ್ಕೆ ಅವಳ ತಂಗಿ, ಹದಿನೇಳು ವರ್ಷದ ಜೆಸ್ಸಿ ಸೌತ್‌ವೆಲ್, ಆಟವನ್ನು ನಡೆಸುವ ಮುಖ್ಯಸ್ಥಾನಕ್ಕೆ ಸೇರಿದಳು. ನಮ್ಮಲ್ಲಿ ಆ ವಯಸ್ಸಿನ ಮಗಳನ್ನು ಸಂಜೆ ಒಬ್ಬಳೇ ಅಂಗಡಿಗೆ ಕಳುಹಿಸಲು ಹಿಂದೆಮುಂದೆ ನೋಡುವ ತಂದೆತಾಯಿಗಳುಂಟು; ಅವಳಾದರೋ ತನಗಿಂತ ಹಿರಿಯರಾದ ಹನ್ನೆರಡು ಮಂದಿಗೆ ಯಾವಾಗ ಓಡಬೇಕು, ಚೆಂಡು ಎತ್ತ ಹೋಗಬೇಕು ಎಂದು ಅಪ್ಪಣೆ ಕೊಡುತ್ತಿದ್ದಳು. ಐದು ಪಂದ್ಯಗಳಲ್ಲಿ ನಾಲ್ಕು ಗೆಲವು, ಒಂದು ಸೋಲು. ಅಕ್ಟೋಬರ್ ೨ರಂದು ಸಿಡ್ನಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಾದವರು ಅದೇ ಪರಮಾಟಾದವರು. ಅಂಕಗಳು ೩೨ಕ್ಕೆ ೧೨. ಮರುವರ್ಷ ತಂಡಗಳು ಆರರಿಂದ ಹತ್ತಕ್ಕೇರಿದುವು. ನ್ಯೂಕ್ಯಾಸಲ್ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದು ಪಟ್ಟಿಯ ತಲೆಗೆ ನಿಂತಿತು; ೨೦೨೩ರ ಅಕ್ಟೋಬರ್ ೧ರಂದು ಗೋಲ್ಡ್ ಕೋಸ್ಟಿನ ಟೈಟನ್ಸ್ ತಂಡವನ್ನು ೨೪ಕ್ಕೆ ೧೮ರಂತೆ ಮಣಿಸಿ ಕಿರೀಟವನ್ನು ಉಳಿಸಿಕೊಂಡಿತು. ಅದೇ ಊರಿನ ಪುರುಷರ ತಂಡವು ೧೯೮೮ರಿಂದ ಆಡುತ್ತ ೧೯೯೭ರಲ್ಲಿ ಒಮ್ಮೆ, ೨೦೦೧ರಲ್ಲಿ ಒಮ್ಮೆ, ಹೀಗೆ ಎರಡೇ ಸಲ ಗೆದ್ದಿರುವುದನ್ನು ನೆನೆದರೆ ಈ ಹೆಣ್ಣುಮಕ್ಕಳ ಎರಡು ವರ್ಷಗಳ ಸಾಧನೆಯ ತೂಕವು ತಿಳಿಯುವುದು.

ಇನ್ನು ಕಾರಣಕ್ಕೆ ಬರುವೆವು. ಸೋತವರು ಏಳು ತಿಂಗಳಲ್ಲಿ ಗೆದ್ದುದು ಹೇಗೆ? ಅಂದು ಆಟಗಾರ್ತಿಯರ ಕರಾರುಗಳು ಒಂದೊಂದು ಋತುವಿನವು. ಋತು ಮುಗಿದ ಮರುದಿನ ಯಾರಿಗೂ ನಾಳೆಯ ಕೆಲಸವು ಖಚಿತವಿರಲಿಲ್ಲ. ಯಾವ ಸಂಘಕ್ಕೂ ತನ್ನವರು ತನ್ನವರಾಗಿಯೇ ಉಳಿಯುವರೆಂಬ ಭರವಸೆಯಿರಲಿಲ್ಲ. ಆದುದರಿಂದಲೇ ನ್ಯೂಕ್ಯಾಸಲ್ ಬ್ರಿಸ್ಬೇನಿನ ಮೇಲಾದವರನ್ನು ಒಂದೇ ಸಲಕ್ಕೆ ಕರೆತರಲಾಯಿತು. ಕಡೆಯವರು ಮೊದಲಾಗುವ ಈ ಸೊಬಗಿನ ಬೆನ್ನಿಗೆ ಸಂತೆಯ ದಿನ ಆಳು ಹಿಡಿಯುವ ಪದ್ಧತಿಯಿದೆ. ನಾವು ಸಂಘವನ್ನು ದೂಷಿಸುತ್ತಿಲ್ಲ. ಇದ್ದ ನಿಯಮದೊಳಗೆ ಅದು ಜಾಣತನದಿಂದ ನಡೆಯಿತು, ತನ್ನ ಊರಿನ ಹುಡುಗಿಯರನ್ನೂ ಬಿಡಲಿಲ್ಲ. ಆದರೆ ಯಾವ ಬಾಗಿಲಿನಿಂದ ಒಳಗೆ ಬಂದರೋ ಅದೇ ಬಾಗಿಲು ಹೊರಕ್ಕೂ ತೆರೆದಿತ್ತು. ಒಂದೇ ಋತು ಆಡಿ ಮಿಲ್ಲಿ ಬಾಯ್ಲ್ ಸಿಡ್ನಿಯ ರೂಸ್ಟರ್ಸ್ ತಂಡಕ್ಕೆ ಹೊರಟುಹೋದಳು.

೨೦೨೩ರಲ್ಲಿ ಈ ಸ್ಥಿತಿಯು ಸ್ವಲ್ಪ ಸುಧಾರಿಸಿತು. ಹಲವು ವರ್ಷಗಳ ಕರಾರು ಮಾಡಿಕೊಳ್ಳಲು ಅವಕಾಶವಾಯಿತು. ಆಗಸ್ಟಿನಲ್ಲಿ ಆಟಗಾರರ ಸಂಘಕ್ಕೂ ಮಂಡಲಿಗೂ ಐದು ವರ್ಷಗಳ ಒಪ್ಪಂದವಾಯಿತು. ಸ್ತ್ರೀಯರು ಇಂತಹ ಒಪ್ಪಂದದೊಳಕ್ಕೆ ಬಂದುದು ಅದೇ ಮೊದಲು. ಅದಕ್ಕೆ ಮುಂಚೆ ಪುರುಷ ಆಟಗಾರರು ಅಂಗಿಯ ಮೇಲಣ ಮಂಡಲಿಯ ಮುದ್ರೆಯ ಮೇಲೆ ಪಟ್ಟಿ ಅಂಟಿಸಿಕೊಂಡು ಕಣಕ್ಕಿಳಿದು ಪ್ರತಿಭಟಿಸಿದ್ದರು. ಇದನ್ನು ನಾವು ಮೆಚ್ಚಿಕೊಳ್ಳುವೆವು. ತಂಡವೊಂದು ಆಟಗಾರ್ತಿಯರ ವೇತನಕ್ಕಾಗಿ ವರ್ಷದಲ್ಲಿ ಖರ್ಚು ಮಾಡಬಹುದಾದ ಮೊಬಲಗು ೨೦೨೩ರಲ್ಲಿ ೯ ಲಕ್ಷ ಆಸ್ಟ್ರೇಲಿಯಾ ಡಾಲರು. ೨೦೨೭ರ ವೇಳೆಗೆ ಅದು ೧೫ ಲಕ್ಷವನ್ನು ದಾಟುವುದು. ಒಬ್ಬಳಿಗೆ ಕನಿಷ್ಠ ವೇತನವು ೩೦,೦೦೦ ಡಾಲರಿನಿಂದ ೫೦,೬೦೦ಕ್ಕೆ ಏರತಕ್ಕದ್ದು. ತಾಯಿಯಾಗುವವಳಿಗೆ ರಜೆಯ ಏರ್ಪಾಡೂ ಉಂಟು.

ಇಷ್ಟಾದ ಮೇಲೂ ಗೊಣಗುವುದೇಕೆ ಎನ್ನುವವರಿರಬಹುದು. ಪುರುಷರ ತಂಡದ ಮಿತಿಯು ೨೦೨೩ರಲ್ಲಿ ೧ ಕೋಟಿ ೨೧ ಲಕ್ಷ ಡಾಲರು. ಹೆಂಗಸರು ಕಡಿಮೆ ಪಂದ್ಯಗಳನ್ನಾಡುವುದರಿಂದ ಕಡಿಮೆ ಹಣವು ಸಹಜವೆಂದು ವಾದಿಸುವರು. ಆಗಲಿ, ಲೆಕ್ಕವನ್ನೇ ಹಾಕೋಣ. ಆ ವರ್ಷ ಮುಖ್ಯ ಸುತ್ತಿನಲ್ಲಿ ಪುರುಷರ ತಂಡಕ್ಕೆ ೨೪ ಪಂದ್ಯಗಳು, ಸ್ತ್ರೀಯರಿಗೆ ೯. ಪಂದ್ಯವೊಂದಕ್ಕೆ ಪುರುಷರಿಗೆ ಸುಮಾರು ೫ ಲಕ್ಷ ಡಾಲರು ಬಿದ್ದರೆ ಸ್ತ್ರೀಯರಿಗೆ ೧ ಲಕ್ಷ. ಹತ್ತು ನಿಮಿಷದ ಆಟದ ಅಂತರಕ್ಕೆ ಐದು ಪಟ್ಟು ಹಣದ ಅಂತರವೆಂಬುದನ್ನು ಯಾವ ಗುಮಾಸ್ತನೂ ಖಾತೆಗೆ ಹತ್ತಿಸಲಾರನು. ಅಲ್ಲದೆ, ಪಂದ್ಯಗಳು ಕಡಿಮೆಯಿರುವುದು ಹೆಂಗಸರ ತಪ್ಪೆ? ವೇಳಾಪಟ್ಟಿಯನ್ನು ಬರೆಯುವವರು ಯಾರು?

ಪುರುಷರ ಆಟದಿಂದ ಬರುವ ವರಮಾನದಲ್ಲಿ ಸ್ತ್ರೀಯರ ಆಟವು ನಡೆಯುವುದೆಂಬ ಇನ್ನೊಂದು ವಾದವುಂಟು. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ವರಮಾನವು ಇಂದು ಅಷ್ಟಿಲ್ಲ. ಆದರೆ ೧೯೨೧ರಲ್ಲಿ ಇಪ್ಪತ್ತು ಸಾವಿರ ಜನರು ಬಂದಿದ್ದ ಆಟವನ್ನು ಅಂದಿನಿಂದಲೂ ಬೆಳೆಯಗೊಟ್ಟಿದ್ದರೆ ಇಂದು ಎಷ್ಟಿರುತ್ತಿದ್ದಿತೆಂಬುದನ್ನು ವಾದಿಸುವವರೇ ಊಹಿಸಲಿ. ಗದ್ದೆಗೆ ನೀರು ಕಟ್ಟಿ ನಿಲ್ಲಿಸಿ, ಪೈರು ಬರಲಿಲ್ಲವೆಂದು ರೈತನಿಗೆ ಛೀಮಾರಿ ಹಾಕಿದಂತಾಯಿತು. ಮೂರನೆಯ ಗುಂಪಿನವರು ಎಲ್ಲರಿಗಿಂತ ಮೃದುಭಾಷಿಗಳು: ಹೆಣ್ಣುಮಕ್ಕಳು ಆಟದ ಪ್ರೀತಿಗಾಗಿ ಆಡುವರು, ಹಣವು ಅದನ್ನು ಕೆಡಿಸುವುದು ಎನ್ನುವರು. ೧೮೯೫ರಲ್ಲಿ ದಕ್ಷಿಣ ಇಂಗ್ಲೆಂಡಿನ ಸಿರಿವಂತರು ಗಣಿಗಾರನಿಗೆ ಹೇಳಿದುದು ಇದನ್ನೇ. ಅಂದು ಎದ್ದು ಹೊರನಡೆದವರ ಮೊಮ್ಮಕ್ಕಳ ಬಾಯಲ್ಲಿ ಈ ಮಾತು ಶೋಭಿಸದು.

ನ್ಯೂಕ್ಯಾಸಲ್ಲಿಗೆ ಅನಂತರ ಕಿರೀಟವು ದಕ್ಕಲಿಲ್ಲ. ೨೦೨೪ರಲ್ಲಿ ರೂಸ್ಟರ್ಸ್ ತಂಡವು ಕ್ರೊನುಲ್ಲಾದ ಶಾರ್ಕ್ಸ್ ತಂಡವನ್ನು ೩೨ಕ್ಕೆ ೨೮ರಂತೆ ಸೋಲಿಸಿ ಗೆದ್ದಿತು. ೨೦೨೫ರಲ್ಲಿ ತಂಡಗಳು ಹನ್ನೆರಡಾದುವು; ಬ್ರಿಸ್ಬೇನಿನವರು ರೂಸ್ಟರ್ಸ್ ತಂಡವನ್ನು ೨೨ಕ್ಕೆ ೧೮ರಂತೆ ಸೋಲಿಸಿ ನಾಲ್ಕನೆಯ ಸಲ ಗೆದ್ದರು. ಆ ಗೆದ್ದ ತಂಡದಲ್ಲಿ ತಮಿಕಾ ಅಪ್ಟನ್ ಇದ್ದಳು. ನ್ಯೂಕ್ಯಾಸಲ್ಲಿಗೆ ಎರಡು ಕಿರೀಟಗಳನ್ನು ತಂದುಕೊಟ್ಟು ಅವಳು ಹಳೆಯ ಊರಿಗೆ ಮರಳಿದ್ದಳು. ಆಟಗಾರ್ತಿಯೊಬ್ಬಳು ಊರು ಬದಲಾಯಿಸುವುದು ಅವಳ ಹಕ್ಕು, ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆಕ್ಷೇಪಣೆಯಿರುವುದು ಹೆಸರು ಮೆರೆಯದ ಇತರರ ವಿಷಯದಲ್ಲಿ. ಪ್ರತಿ ತಂಡದಲ್ಲಿಯೂ ಕನಿಷ್ಠ ವೇತನದವರಿರುವರು. ಮಂಡಿ ಹರಿದುಕೊಂಡರೆ ಅವರಿಗೆ ಮುಂದಿನ ಕರಾರು ಸಿಕ್ಕುವುದೋ ಇಲ್ಲವೋ ಹೇಳಬಲ್ಲವರಿಲ್ಲ.

ಇಂದಿನ ಒಪ್ಪಂದದ ಅವಧಿಯು ೨೦೨೭ರವರೆಗೆ. ಅದರ ಮುಂದಣ ಕಾಗದದಲ್ಲಿ ಎರಡು ಸಾಲುಗಳಿರಬೇಕು. ಕನಿಷ್ಠ ವೇತನದವಳಿಗೂ ಕರಾರು ಒಂದು ಋತುವಿಗಲ್ಲದೆ ಪೂರ್ಣ ವರ್ಷಕ್ಕಿರತಕ್ಕದ್ದು. ಆಟದಲ್ಲಿ ಗಾಯಗೊಂಡವಳ ವೇತನವು ಅವಳು ಮತ್ತೆ ಕೆಲಸಕ್ಕೆ ಬರುವವರೆಗೂ ನಿಲ್ಲತಕ್ಕದ್ದಲ್ಲ. ಎರಡನೆಯ ಸಾಲು ಹೊಸ ಬೇಡಿಕೆಯೇನಲ್ಲ. ೧೯೦೭ರಲ್ಲಿ ಸಿಡ್ನಿಯ ಪುರುಷರು ಅಲೆಕ್ ಬರ್ಡನನಿಗಾಗಿ ಕೇಳಿದುದು ಅದನ್ನೇ.