ಯಂತ್ರದ ಆಯುಷ್ಯ ಯಾರ ಕೈಯಲ್ಲಿದೆ?

ಎತ್ತಿನ ವಯಸ್ಸನ್ನು ರೈತನು ಅದರ ಹಲ್ಲು ನೋಡಿ ಹೇಳುತ್ತಾನೆ. ಟ್ರ್ಯಾಕ್ಟರಿನ ವಯಸ್ಸನ್ನು ತಿಳಿಯಲು ಅದು ಕಾರ್ಖಾನೆಯಿಂದ ಹೊರಬಿದ್ದ ವರ್ಷವನ್ನು ನೋಡಿದರೆ ಸಾಲದು. ಹತ್ತು ವರ್ಷಗಳಲ್ಲಿಯೇ ಗುಜರಿ ಸೇರುವ ಯಂತ್ರಗಳುಂಟು. ನಾಲ್ಕು ದಶಕ ಕಳೆದರೂ ಮುಂಗಾರು ಬಂದೊಡನೆ ಹೊಲಕ್ಕಿಳಿಯುವ ಯಂತ್ರಗಳೂ ಉಂಟು. ಈ ಅಂತರಕ್ಕೆ ಕಬ್ಬಿಣದ ಗುಣ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಆದರೆ ಹೆಚ್ಚಿನ ಪಾಲು ಬೇರೆ ಮೂರು ಸಂಗತಿಗಳಿಗೆ ಸೇರಿದ್ದು: ಬಿಚ್ಚಿ ಜೋಡಿಸಲು ಬರುವ ರಚನೆ, ಕೇಳಿದಾಗ ಸಿಕ್ಕುವ ಬಿಡಿಭಾಗ, ಕೆಲಸ ಬಲ್ಲ ಕೈ. ಈ ಮೂರರಲ್ಲಿ ಒಂದು ಇಲ್ಲವಾದರೂ ಯಂತ್ರವು ಸವೆಯುವುದಕ್ಕೆ ಮೊದಲೇ ಸಾಯುತ್ತದೆ. ಆದುದರಿಂದ ದುರಸ್ತಿಯೆಂಬುದು ಗ್ಯಾರೇಜಿನವರಿಗೆ ಮಾತ್ರ ಸೇರಿದ ವಿಷಯವಲ್ಲ, ದೇಶದ ಬೇಸಾಯಕ್ಕೂ ವಿಜ್ಞಾನಶಿಕ್ಷಣಕ್ಕೂ ಸಂಬಂಧಿಸಿದ ವಿಷಯವೆಂದು ನಾವು ಭಾವಿಸುತ್ತೇವೆ.

ಯಂತ್ರವು ಸವೆಯುವ ಬಗೆಯನ್ನು ಮೊದಲು ನೋಡೋಣ. ಎರಡು ಲೀಟರು ಗಾತ್ರದ ನಾಲ್ಕು ಸ್ಟ್ರೋಕಿನ ಎಂಜಿನು ನಿಮಿಷಕ್ಕೆ ೧,೫೦೦ ಸುತ್ತು ತಿರುಗುವಾಗ ಗಂಟೆಗೆ ಸುಮಾರು ೯೦ ಘನಮೀಟರು ಗಾಳಿಯನ್ನು, ಎಂದರೆ ಎರಡು ಕೋಣೆಗಳನ್ನು ತುಂಬುವಷ್ಟು ಗಾಳಿಯನ್ನು, ಒಳಗೆಳೆದುಕೊಳ್ಳುತ್ತದೆ. ಉಳುವ ಹೊಲದ ಗಾಳಿಯೆಂದರೆ ಧೂಳಿನ ಗಾಳಿ. ಆ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಎರಕದ ಕಬ್ಬಿಣಕ್ಕಿಂತ ಗಟ್ಟಿಯಾದವು. ಪಿಸ್ಟನ್ನಿನ ರಿಂಗುಗಳಿಗೂ ಸಿಲಿಂಡರಿನ ಗೋಡೆಗೂ ನಡುವೆ ಸಿಕ್ಕಿಕೊಂಡು ಅವು ಅರದಂತೆ ಉಜ್ಜುತ್ತವೆ. ಇದನ್ನು ತಡೆಯಲೆಂದೇ ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಅಲ್ಲಿಯೇ ಹಿಡಿದಿಡುವ ಏರ್‌ ಕ್ಲೀನರು ಇರುತ್ತದೆ. ಬಟ್ಟಲಿನ ಎಣ್ಣೆ ಕೆಸರಾದಾಗ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಅಷ್ಟನ್ನು ಮಾಡದಿದ್ದರೆ ಮುಂದೆ ಎಂಜಿನನ್ನೇ ಬಿಚ್ಚಬೇಕಾಗುತ್ತದೆ.

ಡೀಸೆಲ್ ಪಂಪಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅದರ ಪ್ಲಂಜರಿಗೂ ಅದು ಆಡುವ ಕೊಳವೆಗೂ ನಡುವಣ ಎಡೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ತಲೆಗೂದಲಿನ ದಪ್ಪ ಅದಕ್ಕಿಂತ ಎಷ್ಟೋ ಮಡಿ ಹೆಚ್ಚು. ಅಂತಹ ಎಡೆಯಲ್ಲಿ ನೀರು ಸೇರಿದರೆ ತುಕ್ಕು ಹಿಡಿಯಲು ತಡವಾಗದು. ಅರೆಬರಿದಾದ ಟ್ಯಾಂಕಿನೊಳಗಿನ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ ಡೀಸೆಲಿನ ಅಡಿಯಲ್ಲಿ ನಿಲ್ಲುತ್ತದೆ. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡುವ ಅನುಭವಿ ಚಾಲಕನು ಆಚರಿಸುತ್ತಿರುವುದು ಭೌತವಿಜ್ಞಾನದ ಪಾಠವನ್ನೇ.

ಸವೆತವನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾಗದು. ಹಾಗಾಗಿ ಯಂತ್ರವನ್ನು ರಚಿಸುವವನೇ ದುರಸ್ತಿಯನ್ನು ಮುಂದಾಗಿ ಯೋಚಿಸಿರಬೇಕು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫರ್ಗೂಸನ್ ಟಿ.ಇ. ೨೦ ಟ್ರ್ಯಾಕ್ಟರು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಸಿಲಿಂಡರುಗಳ ಒಳಗೋಡೆ ಬೇರೆಯಾಗಿ ಕೂಡಿಸಿದ ಲೈನರು. ಸವೆದಾಗ ಅದನ್ನು ಹೊರತೆಗೆದು ಹೊಸದನ್ನು ಇಳಿಸಿದರಾಯಿತು, ಉಳಿದ ಎಂಜಿನು ಹಾಗೆಯೇ ಉಳಿಯುತ್ತದೆ. ಹೊಲಕ್ಕೆಂದು ಮಾಡಿದ ಈ ಟ್ರ್ಯಾಕ್ಟರುಗಳಿಗೇ ಚಕ್ರಗಳ ಸುತ್ತ ಸರಪಳಿಪಟ್ಟಿಗಳನ್ನು ತೊಡಿಸಿ ಎಡ್ಮಂಡ್ ಹಿಲರಿ ಮತ್ತು ಅವರ ಸಂಗಡಿಗರು ೧೯೫೮ರ ಜನವರಿ ೪ರಂದು ದಕ್ಷಿಣ ಧ್ರುವವನ್ನು ಮುಟ್ಟಿದರು.

ನಮ್ಮ ದೇಶದ ನಿದರ್ಶನವನ್ನೂ ನೋಡಬಹುದು. ಬೆಂಗಳೂರಿನಲ್ಲಿ ೧೯೫೩ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ಜೆಟರ್ ವಿನ್ಯಾಸವನ್ನು ಅನುಸರಿಸಿ ೨೫ ಅಶ್ವಶಕ್ತಿಯ ಟ್ರ್ಯಾಕ್ಟರನ್ನು ತಯಾರಿಸತೊಡಗಿತು. ೨೦೧೬ರಲ್ಲಿ ಕೇಂದ್ರ ಸಚಿವ ಸಂಪುಟವು ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಅದು ಹೆತ್ತ ಟ್ರ್ಯಾಕ್ಟರುಗಳು ಕೆಲಸ ಬಿಟ್ಟಿಲ್ಲ. ಸ್ಪ್ಯಾನರಿಗೆ ಬಿಚ್ಚಿಕೊಳ್ಳುವ ರಚನೆ, ಸಣ್ಣ ಪೇಟೆಗಳ ಲೇತ್ ಕೆಲಸಗಾರರು, ಹಳೆಯ ಬಿಡಿಭಾಗಗಳ ವ್ಯಾಪಾರಿಗಳು ಸೇರಿ ಅವನ್ನು ಉಳಿಸಿದ್ದಾರೆ.

ಜೀಪಿನ ಕಥೆಯೂ ಇದೇ. ಮಹೀಂದ್ರದವರು ೧೯೪೭ರಲ್ಲಿ ಅಮೆರಿಕದ ವಿಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಆ ವಂಶದ ಜೀಪುಗಳು ರಸ್ತೆಯೆನ್ನಲಾಗದ ನಮ್ಮ ಮಲೆನಾಡಿನ ದಾರಿಗಳಲ್ಲಿ ದಶಕಗಳ ಕಾಲ ದುಡಿದಿವೆ. ಅಂತಹ ಜೀಪಿನ ಮುಂದೆ ನಿಂತಾಗ ಬಲ್ಲ ಕೈಯ ಬೆಲೆ ತಿಳಿಯುತ್ತದೆ. ಹಳೆಯ ವಿಲಿಸಿನ ನಟ್ಟುಗಳು ಅಂಗುಲದ ಅಳತೆಯವು. ಅರ್ಧ ಅಂಗುಲವೆಂದರೆ ೧೨.೭ ಮಿಲಿಮೀಟರು. ಅದಕ್ಕೆ ೧೩ ಮಿಲಿಮೀಟರಿನ ಸ್ಪ್ಯಾನರು ಹಾಕಿದರೆ ೦.೩ ಮಿಲಿಮೀಟರಿನಷ್ಟು ಸಡಿಲ ಉಳಿಯುತ್ತದೆ. ಬಲ ಹಾಕಿದಂತೆಲ್ಲ ನಟ್ಟಿನ ಮೂಲೆಗಳು ಸವೆದು ಅದು ಉರುಟಾಗುತ್ತದೆ. ಈ ಸಣ್ಣ ಲೆಕ್ಕವನ್ನು ಅರಿಯದವನ ಕೈಗೆ ಸಿಕ್ಕಿದ ಯಂತ್ರವು ದುರಸ್ತಿಯಿಂದಲೇ ಕೆಡುತ್ತದೆ.

ಈಗ ಹೊಸದೊಂದು ಅಡ್ಡಿ ತಲೆದೋರಿದೆ. ಗಣಕದಿಂದ ನಡೆಯುವ ಇಂದಿನ ಕೆಲವು ಟ್ರ್ಯಾಕ್ಟರುಗಳಲ್ಲಿ ದೋಷ ಎಲ್ಲಿದೆಯೆಂದು ತಿಳಿಯಲು ತಯಾರಕರ ತಂತ್ರಾಂಶವೇ ಬೇಕು. ಬಿಡಿಭಾಗವನ್ನು ಸರಿಯಾಗಿ ಕೂಡಿಸಿದರೂ ಆ ತಂತ್ರಾಂಶದ ಒಪ್ಪಿಗೆಯಿಲ್ಲದೆ ಯಂತ್ರ ಅದನ್ನು ಸ್ವೀಕರಿಸದಿರಬಹುದು. ಸುಗ್ಗಿಯ ನಡುವೆ ಯಂತ್ರ ನಿಂತರೆ ಬೆಳೆ ಕಾಯುವುದಿಲ್ಲ. ಅಮೆರಿಕದ ರೈತರು ಇದರ ವಿರುದ್ಧ ದನಿಯೆತ್ತಿದರು. ಕೊಲರಾಡೊ ರಾಜ್ಯವು ೨೦೨೩ರಲ್ಲಿ, ಕೃಷಿಯಂತ್ರದ ತಯಾರಕರು ದುರಸ್ತಿಗೆ ಬೇಕಾದ ಕೈಪಿಡಿ, ಉಪಕರಣ, ತಂತ್ರಾಂಶ, ಬಿಡಿಭಾಗಗಳನ್ನು ಒಡೆಯನಿಗೂ ಒದಗಿಸಬೇಕೆಂದು ಕಾನೂನು ಮಾಡಿತು. ಅದು ೨೦೨೪ರ ಜನವರಿ ೧ರಿಂದ ಜಾರಿಗೆ ಬಂದಿತು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ೨೦೨೨ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಮೊದಲು ಗಮನಿಸಬೇಕೆಂದು ಆರಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಸೇರಿವೆ. ಆರಂಭ ಒಳ್ಳೆಯದೇ. ಆದರೆ ರೈತನಿಗೆ ಬೇಕಾದುದು ಸಲಹೆಯಲ್ಲ, ಕಾನೂನಿನ ಬಲವುಳ್ಳ ಹಕ್ಕು.

ಹಾಗೆಂದು ಹಳತೆಲ್ಲವೂ ಚಿನ್ನವೆಂದು ನಾವು ವಾದಿಸುವುದಿಲ್ಲ. ಗಣಕದ ಹಿಡಿತದಲ್ಲಿರುವ ಹೊಸ ಎಂಜಿನುಗಳು ಕಡಿಮೆ ಹೊಗೆಯುಗುಳುತ್ತವೆ. ಅದು ನಿಜವಾದ ಲಾಭ. ಅನೇಕ ಹಳೆಯ ಟ್ರ್ಯಾಕ್ಟರುಗಳಲ್ಲಿ ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟಿಲ್ಲ. ಸ್ವೀಡನ್ ದೇಶವು ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ೧೯೫೯ರಲ್ಲಿಯೇ ಕಡ್ಡಾಯ ಮಾಡಿತು. ಇಳಿಜಾರಿನಲ್ಲಿ ದುಡಿಯುವ ಹಳೆಯ ಯಂತ್ರಕ್ಕೆ ಬಣ್ಣ ಬಳಿಸುವುದಕ್ಕೆ ಮುಂಚೆ, ಅದಕ್ಕೆ ಒಪ್ಪುವ ಪರೀಕ್ಷಿತ ಚೌಕಟ್ಟನ್ನು ಕೂಡಿಸಬೇಕು. ಹಳೆಯ ಬ್ರೇಕು ಮತ್ತು ಕ್ಲಚ್ಚುಗಳ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಆ ಧೂಳು ಶ್ವಾಸಕೋಶಕ್ಕೆ ಮಾರಕ.

ಹೀಗಿರುವಲ್ಲಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮಾರಾಟವಾಗುವ ಪ್ರತಿಯೊಂದು ಕೃಷಿಯಂತ್ರದೊಡನೆ ಪೂರ್ಣವಾದ ದುರಸ್ತಿ ಕೈಪಿಡಿ ರೈತನ ನುಡಿಯಲ್ಲಿಯೇ ಬರಬೇಕು. ಒಂದು ಮಾದರಿಯ ತಯಾರಿಕೆ ನಿಂತ ಮೇಲೆಯೂ ಗೊತ್ತಾದ ಅವಧಿಯವರೆಗೆ ಬಿಡಿಭಾಗಗಳು ದೊರೆಯಬೇಕು. ಕಾರ್ಖಾನೆಯೇ ಮುಚ್ಚಿದರೆ ಅವುಗಳ ನಕ್ಷೆಗಳು ಸಾರ್ವಜನಿಕರಿಗೆ ಸಿಗಬೇಕು. ದೋಷವನ್ನು ತೋರಿಸುವ ತಂತ್ರಾಂಶವು ಯಂತ್ರದ ಒಡೆಯನಿಗೆ ಲಭ್ಯವಾಗಬೇಕು. ಹಳ್ಳಿಯ ಪ್ರೌಢಶಾಲೆಗಳಲ್ಲಿ ಹಳೆಯ ಎಂಜಿನೊಂದನ್ನು ಬಿಚ್ಚಿ ಜೋಡಿಸುವುದು ವಿಜ್ಞಾನಪಾಠದ ಭಾಗವಾಗಬೇಕು. ಘರ್ಷಣೆ, ಉಷ್ಣ, ತುಕ್ಕು ಇವೆಲ್ಲವೂ ಅಲ್ಲಿ ಕೈಗೆ ಸಿಗುತ್ತವೆ. ಟ್ರ್ಯಾಕ್ಟರಿನ ಸಾಲವನ್ನು ವರ್ಷಗಟ್ಟಲೆ ತೀರಿಸುವ ರೈತನಿಗೆ, ಸಾಲ ತೀರಿದ ಮೇಲೂ ದುಡಿಯುವ ಯಂತ್ರವನ್ನು ಕೇಳುವ ನ್ಯಾಯ ಇದ್ದೇ ಇದೆ.