ಶಿಸ್ತಿನ ಕಥೆ ಸಾಕು

ಸ್ಪೇನಿನ ವಲೆನ್ಸಿಯಾದಲ್ಲಿ ವಿಚಾರ ಸಂಕಿರಣ ಮುಗಿಸಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ವಿಭಾಗದ ಹಿರಿಯರೊಬ್ಬರು ಕಾರಿಡಾರಿನಲ್ಲಿ ನಿಲ್ಲಿಸಿ, "ಒಂದು ಪ್ರವಾಸ ಕಥನ ಬರೀರಿ. ಸೈಕಲ್ ಹೊಡೀತಾರಂತಲ್ಲ ಅಲ್ಲಿ ಎಲ್ಲರೂ? ಆ ಶಿಸ್ತು ನಮ್ಮ ಹುಡುಗರಿಗೂ ಗೊತ್ತಾಗ್ಲಿ" ಎಂದರು. "ಆಯ್ತು ಸರ್" ಎಂದೆ. ಅವರು ಬಯಸಿದ ಬರಹ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅಂಥದ್ದೊಂದನ್ನು ಎಂ.ಎ. ಓದುವಾಗ ನಾನೂ ಬರೆದಿದ್ದೆ. ನುಣ್ಣನೆಯ ರಸ್ತೆ, ಹಾರ್ನ್ ಹೊಡೆಯದ ಜನ, ಕೊನೆಗೆ 'ನಮ್ಮವರಿಗೆ ಬುದ್ಧಿ ಬರುವುದು ಯಾವಾಗ' ಎಂಬ ನಿಟ್ಟುಸಿರು. ಕನ್ನಡದ ಯುರೋಪ್ ಪ್ರವಾಸ ಬರಹಗಳಲ್ಲಿ ಅರ್ಧಕ್ಕರ್ಧ ಈ ಅಚ್ಚಿನಿಂದಲೇ ಬಂದವು. ನನ್ನ ತಕರಾರು ಇರುವುದು ಈ ಅಚ್ಚಿನ ಬಗ್ಗೆ.

ನಾಲ್ಕು ದಿನಕ್ಕೆ ಸೈಕಲ್ ಬಾಡಿಗೆಗೆ ತೆಗೆದುಕೊಂಡಿದ್ದೆ. ಮೊದಲ ದಿನ ಎಲ್ಲರಂತೆ ನಾನೂ ತುರಿಯಾ ತೋಟಕ್ಕೇ ಹೋದೆ. ಊರಿನ ನಡುವೆ ಸುಮಾರು 9 ಕಿಲೋಮೀಟರ್ ಉದ್ದದ ಹಸಿರು ಪಟ್ಟಿ ಅದು. ಮೇಲೆ ಶತಮಾನಗಳಷ್ಟು ಹಳೆಯ ಕಲ್ಲುಸೇತುವೆಗಳು, ಕೆಳಗೆ ನೀರೇ ಇಲ್ಲ. ಕಿತ್ತಳೆ ಮರ, ಫುಟ್‌ಬಾಲ್ ಮೈದಾನ, ಮೊಮ್ಮಕ್ಕಳನ್ನು ಆಡಿಸುವ ಅಜ್ಜಂದಿರು. ನದಿಯ ಪಾತ್ರದಲ್ಲೇ ಸೈಕಲ್ ತುಳಿಯುತ್ತ ಹೋಗಬಹುದು. ಹಾಗಾದರೆ ನದಿ ಎಲ್ಲಿ ಹೋಯಿತು?

1957ರ ಅಕ್ಟೋಬರ್ 14ರಂದು ತುರಿಯಾ ಉಕ್ಕಿ ಊರು ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಫ್ರಾಂಕೋ ಸರ್ಕಾರ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿತು. ತೋಟ, ಗದ್ದೆಗಳನ್ನು ಸೀಳಿಕೊಂಡು ಸುಮಾರು 12 ಕಿಲೋಮೀಟರ್ ಹೊಸ ಪಾತ್ರ ತೋಡಿದರು. ಖಾಲಿ ಬಿದ್ದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಕುವುದು ಅಧಿಕಾರಿಗಳ ಯೋಜನೆ. ಎಪ್ಪತ್ತರ ದಶಕದಲ್ಲಿ, ಸರ್ವಾಧಿಕಾರ ಇನ್ನೂ ಉಸಿರಾಡುತ್ತಿದ್ದಾಗಲೇ, ಜನ ಅದರ ವಿರುದ್ಧ ಎದ್ದರು. ಪಾತ್ರ ನಮ್ಮದು, ಅದು ಹಸಿರಾಗಿರಬೇಕು ಎಂಬುದು ಅವರ ಕೂಗು. ಹೆದ್ದಾರಿ ಬಿದ್ದುಹೋಯಿತು. ತೋಟ ಜನರಿಗೆ ತೆರೆದದ್ದು 1986ರಲ್ಲಿ.

ಎರಡನೆಯ ದಿನ ಕಡಲ ಪಕ್ಕದ ದಾರಿ ಹಿಡಿದು ಎಲ್ ಸಲೇರ್ ದಾಟಿ ಅಲ್ಬುಫೆರಾ ಕೆರೆಯ ಕಡೆಗೆ ಹೋದೆ. ಎದುರುಗಾಳಿ. ನಮ್ಮೂರಲ್ಲಿ ಗಂಟೆಗಿಷ್ಟೆಂದು ಕೊಡುತ್ತಿದ್ದ, ಸೀಟು ಹರಿದ ಬಾಡಿಗೆ ಸೈಕಲ್ಲಿನಲ್ಲೂ ತೊಡೆ ಇಷ್ಟು ನೋಯುತ್ತಿರಲಿಲ್ಲ. ಒಂದು ಕಡೆ ಪೈನ್ ಕಾಡು, ಇನ್ನೊಂದು ಕಡೆ ಭತ್ತದ ಗದ್ದೆ. ಆ ಕಾಡಿನಲ್ಲಿ ಹೋಟೆಲು, ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಕೆಲಸವೂ ಶುರುವಾಗಿತ್ತು. 'ಸಲೇರ್ ಜನರಿಗೆ ಸೇರಿದ್ದು' ಎಂಬ ಚಳವಳಿ ಅದನ್ನು ಅರ್ಧಕ್ಕೆ ನಿಲ್ಲಿಸಿತು. ಆಗ ಎದ್ದಿದ್ದ ಕೆಲವು ಕಟ್ಟಡಗಳು ಇಂದೂ ಮರಗಳ ನಡುವೆ ನಿಂತಿವೆ.

ಪ್ರವಾಸಿಗೆ ಅತ್ಯಂತ ಇಷ್ಟವಾಗುವ ಎರಡೂ ದಾರಿಗಳು ಜಗಳ ಮಾಡಿ ಉಳಿಸಿಕೊಂಡವು. ಅದನ್ನು 'ಅಲ್ಲಿನವರ ಶಿಸ್ತು' ಎಂದು ಕರೆದರೆ ಅಧಿಕಾರದೆದುರು ನಿಂತವರನ್ನು ಅಳಿಸಿಹಾಕಿದ ಹಾಗೆ. ಹೇಳಿದಂತೆ ಕೇಳುವ ಶಿಸ್ತಿದ್ದಿದ್ದರೆ ಇವತ್ತು ಆ ಪಾತ್ರದಲ್ಲಿ ಲಾರಿಗಳು ಓಡುತ್ತಿದ್ದವು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅದು ಬೀದಿಯಲ್ಲಿ ಉಗುಳುವವನ ಅಶಿಸ್ತಿನಿಂದ ಆದದ್ದಲ್ಲ, ಕುರ್ಚಿಯಲ್ಲಿ ಕೂತವರ ತೀರ್ಮಾನದಿಂದ ಆದದ್ದು. ಹೋಲಿಸುವುದಾದರೆ ಇದನ್ನು ಹೋಲಿಸೋಣ.

ಹಾಗೆಂದು ಗೆದ್ದ ಕಥೆ ಹೇಳಿ ಮುಗಿಸಿದರೆ ಅದೂ ಇನ್ನೊಂದು ಅಚ್ಚೇ. ಸೈಕಲ್ ಅಂಗಡಿಯಲ್ಲಿ ಕೊಟ್ಟ ನಕ್ಷೆ ಹೊಸ ಪಾತ್ರದ ದಡಕ್ಕೇ ಮುಗಿಯುತ್ತಿತ್ತು. ಅದರಾಚೆ ಕೆರೆಯ ಕಡೆಗೊಂದು ಬಾಣದ ಗುರುತು, ಅಷ್ಟೇ. ಮೂರನೆಯ ದಿನ ಆ ಖಾಲಿ ಜಾಗಕ್ಕೆ ಹೋದೆ.

2024ರ ಅಕ್ಟೋಬರ್ 29ರಂದು ಪೊಯೊ ಹಳ್ಳ ಉಕ್ಕಿ ಪೈಪೋರ್ತಾ, ಕತರ್ರೋಹಾ, ಅಲ್ಫಾಫಾರ್ ಮುಂತಾದ ಊರುಗಳಿಗೆ ನುಗ್ಗಿತು. ವಲೆನ್ಸಿಯಾ ಪ್ರಾಂತ್ಯದಲ್ಲಿ ಸತ್ತವರು 220ಕ್ಕೂ ಹೆಚ್ಚು. ಹವಾಮಾನ ಇಲಾಖೆ ಬೆಳಿಗ್ಗೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತು, ಜನರ ಮೊಬೈಲಿಗೆ ಸಂದೇಶ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಬೀದಿಗಳು ಮುಳುಗಿದ್ದವು. ಹೊಸ ಪಾತ್ರದ ಉತ್ತರಕ್ಕಿರುವ ನಗರ ಒಣಗಿಯೇ ಇತ್ತು, ದಕ್ಷಿಣ ದಡದ ಲಾ ತೊರ್ರೆ ಬಡಾವಣೆ ಕೆಸರಿನಲ್ಲಿತ್ತು. ಆ ಕಾಲುವೆಯೇ ಇವರನ್ನು ಮುಳುಗಿಸಿತೆಂದು ನಾನು ಹೇಳುತ್ತಿಲ್ಲ. ನೀರು ಬಂದದ್ದು ಬೇರೆ ಹಳ್ಳದಿಂದ. ಆದರೆ 1957ರ ನಂತರ ಯಾವ ದಡವನ್ನು ಕಾಯಬೇಕೆಂದು ತೀರ್ಮಾನವಾಯಿತು. ಇನ್ನೊಂದು ಕಡೆ, ನೆರೆ ಹರಿಯುವ ಬಯಲಿನಲ್ಲಿ, ದುಡಿಯುವವರಿಗೆ ಮನೆ ಕಟ್ಟಲು ದಶಕಗಟ್ಟಲೆ ಪರವಾನಗಿ ಸಿಗುತ್ತಲೇ ಹೋಯಿತು. ನಾನು ಮೊದಲ ದಿನ ನೆರಳಲ್ಲಿ ಸೈಕಲ್ ತುಳಿದ ತೋಟ, ಈ ಬಾಗಿಲುಗಳ ಮೇಲಿನ ಕೆಸರಿನ ಗೆರೆ, ಎರಡೂ ಒಂದೇ ನಕ್ಷೆಯಲ್ಲಿರಬೇಕಾದವು.

ಲಾ ತೊರ್ರೆಗೆ ಹೋಗುವ ಕಾಲುಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ನಡೆದೆ. ನೆರೆಯ ಮರುದಿನಗಳಲ್ಲಿ ನಗರದ ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ದಾಟಿದ್ದು ಇದನ್ನೇ. ಅವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿಗಳು. ಯಾರೂ ಕಳಿಸಿರಲಿಲ್ಲ, ಸರ್ಕಾರ ಬರುವುದಕ್ಕೆ ಮುಂಚೆ ಬಂದಿದ್ದರು.

ಸಂಜೆ ಅಂಗಡಿಯವರನ್ನು ನಕ್ಷೆ ಅಲ್ಲಿಗೇ ಯಾಕೆ ನಿಲ್ಲುತ್ತದೆಂದು ಕೇಳಿದೆ. ಪ್ರವಾಸಿಗರು ಆಚೆ ಹೋಗುವುದಿಲ್ಲವಲ್ಲ ಎಂದರು. ನಂತರ ಟೈರು ಒತ್ತಿ ನೋಡಿ, ನಾಳೆಗೂ ಇದೇ ಸೈಕಲ್ ಸಾಕಾ ಎಂದು ಕೇಳಿದರು.