ಬೀಗ ಹಾಕಿದ ಮನೆ

ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡೆಂದು ಸಂಪಾದಕ ಮಿತ್ರರು ಕೇಳಿದಾಗ ಮೊದಲು ನನ್ನ ಕೈಗೆ ಸಿಕ್ಕಿದುದು ಹೋದ ವರ್ಷ ಭಾಷಣ ಸ್ಪರ್ಧೆಗೆಂದು ಬರೆದಿಟ್ಟ ಹಾಳೆಗಳು. ವಿಷಯ ‘ಯುವಜನರೂ ಪ್ರಾಮಾಣಿಕತೆಯೂ’. ಎರಡನೆಯ ಬಹುಮಾನ ಬಂದಿತ್ತು. ಮತ್ತೆ ಓದಿ ನೋಡಿದೆ. ಮಾತುಗಳೆಲ್ಲ ಸರಿಯಾಗಿಯೇ ಇದ್ದುವು. ಆದರೆ ಅವುಗಳ ನಡುವೆ ಒಂದು ಮನೆಯಾಗಲಿ ಒಬ್ಬ ಮನುಷ್ಯನಾಗಲಿ ಇರಲಿಲ್ಲ. ಜೇವರ್ಗಿ ಕಡೆಯವನೆಂಬ ಅಭಿಮಾನದಿಂದ ಷಣ್ಮುಖ ಶಿವಯೋಗಿಗಳ ಹೆಸರನ್ನು ಎರಡು ಸಲ ತಂದಿದ್ದೆ. ಹದಿನೇಳನೆಯ ಶತಮಾನದ ಆ ವಚನಕಾರರನ್ನು ನಮ್ಮ ಕಡೆಯ ಹುಡುಗರು ಬಾಯಿಪಾಠ ಮಾಡುವುದು ಹೆಚ್ಚಾಗಿ ಬಹುಮಾನಕ್ಕಾಗಿಯೇ. ಆ ಹುಡುಗರಲ್ಲಿ ನನ್ನನ್ನೇ ಮೊದಲು ಎಣಿಸಬಹುದು. ಹಾಳೆಗಳನ್ನು ಬದಿಗಿಟ್ಟೆ. ಅದರ ಬದಲು, ಇಲ್ಲಿಯವರೆಗೆ ಯಾರ ಮುಂದೆಯೂ ಹೇಳದ ಒಂದು ಸಂಗತಿಯನ್ನು ಬರೆಯುತ್ತೇನೆ. ಅಧ್ಯಾಪಕರು ಓದಿ ಬೇಸರಪಟ್ಟರೆ ಅದು ನನಗೆ ಸಲ್ಲಬೇಕಾದುದೇ.

ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ನಮ್ಮ ಸೇವಾ ಶಿಬಿರ ನಡೆಯಿತು. ಫೆಬ್ರವರಿ ತಿಂಗಳು. ತೊಗರಿ ರಾಶಿ ಮುಗಿದು ಹೊಲಗಳು ಬರಿದಾಗಿದ್ದುವು. ಆ ಹೊತ್ತಿಗೆ ನಮ್ಮ ಭಾಗದಲ್ಲಿ ಏನಾಗುತ್ತದೆಂಬುದು ನಿಮಗೆಲ್ಲ ಗೊತ್ತು. ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಜನ ಗಂಟುಮೂಟೆ ಕಟ್ಟುತ್ತಾರೆ. ಓಣಿಗೆ ನಾಲ್ಕಾರು ಮನೆಗಳಿಗಾದರೂ ಬೀಗ ಬೀಳುತ್ತದೆ. ಮನೆಮನೆಗೆ ಹೋಗಿ ಜನರೆಷ್ಟು, ದುಡಿಯಲು ಹೊರಗೆ ಹೋದವರೆಷ್ಟು, ನೀರು ಎಲ್ಲಿಂದ, ಶೌಚಾಲಯ ಉಂಟೇ ಇಲ್ಲವೇ ಎಂದು ಬರೆದುಕೊಂಡು ಬರುವುದು ನಮ್ಮ ಕೆಲಸ. ನನ್ನ ಪಾಲಿಗೆ ನಲವತ್ತು ಮನೆಗಳು ಬಂದುವು.

ಇಪ್ಪತ್ತಾರು ಮನೆಗಳಿಗೆ ಹೋದೆ. ಬಿಸಿಲು ಏರಿತು. ಓಣಿಯ ತುದಿಯ ಬೇವಿನ ಗಿಡದ ಕೆಳಗೆ ಕುಳಿತೆ. ಅಲ್ಲಿಂದ ಎರಡು ಮೂರು ಬೀಗಗಳು ಕಣ್ಣಿಗೆ ಕಾಣುತ್ತಿದ್ದುವು. ಉಳಿದ ಹದಿನಾಲ್ಕು ಹಾಳೆಗಳ ಮೇಲೂ ‘ಬೀಗ ಹಾಕಿದೆ, ಕುಟುಂಬ ವಲಸೆ’ ಎಂದು ಬರೆದು ಕಟ್ಟು ಕಟ್ಟಿದೆ. ಕೈ ನಡುಗಲಿಲ್ಲ, ಮನಸ್ಸು ಚುಚ್ಚಲಿಲ್ಲ. ಅಕ್ಷರ ಮಾತ್ರ ಬಹಳ ದುಂಡಾಗಿ ಬಂದಿತ್ತು.

ಅಂದು ಸಂಜೆ ಶಿಬಿರದಲ್ಲಿ ನಮ್ಮ ಅಧ್ಯಾಪಕರೊಬ್ಬರು ಆಳಂದದ ವಿಷಯ ಹೇಳಿದರು. ಆಳಂದ ನನಗೆ ಸೋದರಮಾವನ ಊರಾದುದರಿಂದ ಕಿವಿ ನಿಮಿರಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದುವಷ್ಟೆ. ಪರಿಶೀಲಿಸಿದಾಗ ನಿಜವೆಂದು ಕಂಡವು 24. ಉಳಿದ 5,994 ತಿರಸ್ಕೃತವಾದುವು. ಅದೇ ವರ್ಷದ ಫೆಬ್ರವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರದಲ್ಲಿ ದೇಶವೆಲ್ಲ ಆಳಂದದ ಹೆಸರು ಆಡಿತು. ಯಾರು ಮಾಡಿದರು, ಯಾರಿಗಾಗಿ ಮಾಡಿದರು ಎಂಬುದು ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟ ಮಾತು. ಪಕ್ಷಗಳ ಜಗಳವನ್ನು ಕಾಲೇಜಿನ ಸಂಚಿಕೆಗೆ ತರುವ ಇಚ್ಛೆ ನನಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದುದು, ಅದು ಬೆಳಕಿಗೆ ಬಂದ ಬಗೆ. ಮತಗಟ್ಟೆಯ ಅಧಿಕಾರಿಯಾಗಿ ಪಟ್ಟಿ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ತನ್ನ ಮುಂದೆ ಬಂದ ಅರ್ಜಿಯಲ್ಲಿ ತನ್ನ ಸಂಬಂಧಿಕರದೇ ಹೆಸರು ಕಂಡಳು. ಮನುಷ್ಯ ಊರಲ್ಲಿದ್ದಾನೆ, ಅರ್ಜಿಯಲ್ಲಿ ಇಲ್ಲ! ಅರ್ಜಿ ಕೊಟ್ಟವನೆಂದು ನೆರೆಯವನ ಹೆಸರಿತ್ತು. ಅವನನ್ನೇ ವಿಚಾರಿಸಿದರೆ, ತನಗೇನೂ ತಿಳಿಯದೆಂದ. ದೊಡ್ಡ ಯಂತ್ರವೊಂದು ಸಿಕ್ಕಿಬಿದ್ದುದು ಇಷ್ಟರಿಂದಲೇ. ಒಬ್ಬರು ಹೆಸರನ್ನು ಓದಿ, ಆ ಹೆಸರಿನ ಮನುಷ್ಯನನ್ನು ನೆನೆದು, ಪಕ್ಕದವನನ್ನು ಕೇಳಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಹದಿನಾಲ್ಕು ಹಾಳೆಗಳು ಚೀಲದಲ್ಲಿದ್ದುವು.

ರಾತ್ರಿ ನಿದ್ದೆ ಬರಲಿಲ್ಲ. ನೆನಪಿಗೆ ಬಂದುದು ಆಳಂದವಲ್ಲ, ನಮ್ಮದೇ ಹಳ್ಳಿ. ನಾನು ಏಳು ವರ್ಷದವನಿದ್ದಾಗ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋದರು. ಮುಂದಿನ ಬಾಗಿಲಿಗೆ ಬೀಗ ಜಡಿದು, ನನ್ನನ್ನೂ ಆಯಿಯನ್ನೂ ಹಿತ್ತಲ ಕೋಣೆಯಲ್ಲಿ ಬಿಟ್ಟರು. ಒಂದು ದಿನ ಏನನ್ನೋ ಬರೆದುಕೊಳ್ಳಲು ಒಬ್ಬರು ಬಂದರು. ಬೀಗ ನೋಡಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಅಡ್ಡಗೀಟು ಎಳೆದು ನಡೆದರು. ಆಯಿ ರೊಟ್ಟಿ ಬಡಿಯುವ ಕೈಯಲ್ಲೇ ಹಿಂದಿನಿಂದ ಓಡಿ ಬಂದು, “ಏ ತಮ್ಮಾ, ನಾವ್ ಅದೀವಲ್ಲೋ ಇಲ್ಲಿ!” ಎಂದು ಓಣಿಯ ತುದಿಯವರೆಗೆ ಕೂಗಿದಳು. ಅವರು ತಿರುಗಲಿಲ್ಲ. ಹಿಟ್ಟಿನ ಕೈಯ ಮುದುಕಿ ಓಡುವುದನ್ನು ನೋಡಿ ನಾನು ನಕ್ಕಿದ್ದೆ. ಆ ಬಿಳಿ ಗೀಟು ಮಳೆಗಾಲದವರೆಗೂ ಬಾಗಿಲ ಮೇಲಿತ್ತು.

ಸುಳ್ಳೆಂದರೆ ನಾಲಗೆಯ ದೋಷವೆಂದು ನಾವು ತಿಳಿದಿದ್ದೇವೆ. ನನ್ನ ಅನುಭವದಲ್ಲಿ ಅದು ಕಾಲಿನ ಸೋಮಾರಿತನದಿಂದ ಹುಟ್ಟುತ್ತದೆ. ಹತ್ತು ಹೆಜ್ಜೆ ನಡೆದು ನೋಡಲೊಲ್ಲದವನು ನೋಡಿದೆನೆಂದು ಬರೆಯಲೇಬೇಕಾಗುತ್ತದೆ. ನಮ್ಮ ತರಗತಿಯಲ್ಲೇ ನೋಡಿರಿ. ಹಿಂದಿನ ಬೆಂಚಿನ ನಮ್ಮ ಗೆಳೆಯನೊಬ್ಬ ರಾಶಿಯ ಕಾಲದಲ್ಲಿ ಕೂಲಿಗೆ ಹೋಗಿ ಮೂರು ವಾರ ಬರಲಿಲ್ಲ. ನಾವು ಸರದಿಯ ಮೇಲೆ ಅವನ ಪರವಾಗಿ ‘ಪ್ರೆಸೆಂಟ್ ಸಾರ್’ ಎಂದೆವು. ಸ್ನೇಹವೆಂದೇ ತಿಳಿದು ಮಾಡಿದೆವು. ಅದರಲ್ಲಿ ಸ್ವಲ್ಪ ಸಾಹಸದ ಸುಖವೂ ಇತ್ತು. ಪರೀಕ್ಷೆಯ ಶುಲ್ಕ ಕಟ್ಟುವ ಹೊತ್ತಿಗೆ ಅವನು ಕಾಲೇಜನ್ನೇ ಬಿಟ್ಟನು. ಅಧ್ಯಾಪಕರು ಬಹಳ ಆಶ್ಚರ್ಯಪಟ್ಟರು, ಹಾಜರಿಯಲ್ಲಿ ಅವನದು ಒಂದು ದಿನವೂ ತಪ್ಪಿರಲಿಲ್ಲವಲ್ಲ! ಆ ಬೆಂಚು ಬರಿದಾಗಿದೆಯೆಂದು ಕಂಡಿದ್ದರೆ ಯಾರಾದರೂ ಒಂದು ಮಾತು ಕೇಳುತ್ತಿದ್ದರೇನೋ. ಕೇಳದಂತೆ ನಾವು ನೋಡಿಕೊಂಡೆವು. ಇದನ್ನು ಇಲ್ಲಿ ಬರೆದುದಕ್ಕಾಗಿ ಸಹಪಾಠಿಗಳು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಮರುದಿನ ಬೆಳಗ್ಗೆ ಹಾಳೆಗಳನ್ನು ಹಿಡಿದು ಒಬ್ಬನೇ ಹೋದೆ. ಹನ್ನೊಂದು ಮನೆಗಳಿಗೆ ನಿಜವಾಗಿಯೂ ಬೀಗವಿತ್ತು. (ಬೇವಿನ ಗಿಡದ ಕೆಳಗೆ ಕುಳಿತು ಬರೆದವನಿಗೆ ಇದು ಕಡಿಮೆ ಯಶಸ್ಸಲ್ಲವೆಂದು ಆ ಕ್ಷಣ ಅನಿಸಿದುದೂ ನಿಜ.) ಎರಡರಲ್ಲಿ ಜನರಿದ್ದರು. ಹದಿನಾಲ್ಕನೆಯ ಮನೆಯ ಮುಂದಿನ ಬಾಗಿಲಿಗೂ ಬೀಗವೇ. ಆದರೆ ಈ ಸಲ ಸುತ್ತು ಹಾಕಿ ಹಿತ್ತಲಿಗೆ ಹೋದೆ. ಒಬ್ಬ ಮುದುಕಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು.

“ಬರ್ಕೋಳಾಕ ಬಂದೀನಿ ಆಯಿ,” ಎಂದೆ.

“ನಿನ್ನೆ ಬರ್ಕೊಂಡು ಹೋದರಲ್ಲೋ ತಮ್ಮಾ? ಗದ್ದಲ ಕೇಳಿಸ್ತು. ನಮ್ಮ ಮನಿಗಿ ಯಾರೂ ಬರಲಿಲ್ಲ.” ಮೊರವನ್ನು ಒಮ್ಮೆ ಕೇರಿ ಮತ್ತೆ ಹೇಳಿದಳು, “ಹೊಳಿ ಬಂದ ವರ್ಷನೂ ಹಂಗೇ ಆತು. ನೀರು ಇಳದ ಮ್ಯಾಲ ಬರ್ಕೊಳಾಕ ಬಂದವರು ಬೀಗ ಅದ ಅಂತ ಹೋದರು.”

ಅವಳು ಹೇಳಿದುದು 2020ರ ಅಕ್ಟೋಬರದ ಪ್ರವಾಹ. ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ಭೀಮೆ ನುಗ್ಗಿದ ವರ್ಷ. ಆಗ ಯಾರಿಗೆ ಏನು ಸಿಗಬೇಕೆಂಬುದು ಪಟ್ಟಿಯ ಮೇಲೆಯೇ ನಿಂತಿತ್ತು. ಯಾರು ಬರೆಯದೆ ಹೋದರೆಂದು ನಾನು ಕೇಳಲಿಲ್ಲ. ಕೇಳುವ ಮೋರೆ ನನಗಿರಲಿಲ್ಲ. ನಿನ್ನೆ ಬಾರದವನು ನಾನೇ ಎಂದಷ್ಟೆ ಹೇಳಿದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ, “ಬಿಸಲಿತ್ತು ಬಿಡು,” ಎಂದಳು.

ಹಳೆಯ ಹಾಳೆ ಹರಿದು ಹೊಸದರಲ್ಲಿ ಬರೆಯತೊಡಗಿದೆ. ವಯಸ್ಸು ಕೇಳಿದರೆ, “ರಜಾಕಾರರ ಗದ್ದಲದಾಗ ನಾ ಅವ್ವನ ಕಂಕುಳಾಗಿದ್ದೆ, ಅದರ ಮ್ಯಾಲ ನೀನೇ ಎಣಿಸ್ಕೊ,” ಎಂದಳು. 1948ರಿಂದ ಬೆರಳು ಮಡಿಸಿ ಲೆಕ್ಕ ಹಾಕಿ, ಎಂಬತ್ತರ ಸಮೀಪವೆಂದು ಬರೆದೆ. ಮಗ ಸೊಸೆ ಪುಣೆಯಲ್ಲಿ. ನೀರು ಪಕ್ಕದ ಮನೆಯ ಹುಡುಗಿ ತಂದುಕೊಡುತ್ತಾಳೆ. ಹಾಳೆಯ ಕಾಲಮುಗಳೆಲ್ಲ ತುಂಬಿದುವು. ಏಳಲು ಹೊರಟೆ.

“ನಿಂದು ಯಾವೂರು?” ಎಂದಳು.

“ಜೇವರ್ಗಿ ಕಡೆ, ಆಯಿ.”

“ಮನ್ಯಾಗ ಯಾರ‍್ಯಾರು ಅದಾರ?”

ಅಪ್ಪ, ಅವ್ವ, ತಂಗಿ ಎಂದೆ. ಆಯಿ ಇದ್ದಳು, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ತೀರಿಕೊಂಡಳು ಎಂದೆ. ಅವಳ ಹೆಸರು ಕೇಳಿದಳು, ಹೇಳಿದೆ. ಅವಳು ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, “ಮುಂಜಾನಿಂದ ಏನರೇ ಉಂಡಿಯೇನು?” ಎಂದು ಕೇಳುತ್ತ ಒಳಗೆ ಹೋಗಿ ರೊಟ್ಟಿಯ ಬುಟ್ಟಿ ತೆಗೆದಳು.